ಗೇಟಿನಲ್ಲಿ ನಿಂತು ಎಣಿಸಿದರೆ ಸಾಲದು

ನಮ್ಮ ಕಾಲೇಜುಗಳಲ್ಲಿ ಸಮೀಕ್ಷೆಯೆಂಬುದು ಈಗ ಪಾಠದ ಒಂದು ಭಾಗವೇ ಆಗಿಬಿಟ್ಟಿದೆ. ಅರ್ಥಶಾಸ್ತ್ರದವರಾಗಲಿ, ಭೂಗೋಳದವರಾಗಲಿ, ಸಂಖ್ಯಾಶಾಸ್ತ್ರದವರಾಗಲಿ, ಪದವಿಯ ಯಾವುದೋ ಒಂದು ಹಂತದಲ್ಲಿ ಪ್ರಶ್ನಾವಳಿಯೊಂದನ್ನು ಕೈಯಲ್ಲಿ ಹಿಡಿದು ನಾಲ್ಕು ಜನರ ಮುಂದೆ ನಿಲ್ಲಲೇಬೇಕಾಗುತ್ತದೆ. ಹೀಗೆ ನಿಲ್ಲುವವರಿಗೆ ಅನಾಯಾಸವಾಗಿ ದೊರೆಯುವ ವಿಷಯಗಳಲ್ಲಿ ಒಂದು, ಕಾಲೇಜಿಗೆ ಯಾರು ಯಾವ ವಾಹನದಲ್ಲಿ ಬರುತ್ತಾರೆಂಬುದು. ದೂರ ಹೋಗಬೇಕಾಗಿಲ್ಲ, ಬೆಳಗ್ಗೆ ಗೇಟಿನ ಬಳಿ ನಿಂತು ಬೈಕುಗಳೆಷ್ಟು, ಸ್ಕೂಟರುಗಳೆಷ್ಟು, ಅಧ್ಯಾಪಕರ ಕಾರುಗಳೆಷ್ಟು ಎಂದು ಗೆರೆ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮಿಕ್ಕರ್ಧವನ್ನು ಗಣಕಯಂತ್ರವು ಬಣ್ಣಬಣ್ಣದ ವೃತ್ತಚಿತ್ರಗಳಲ್ಲಿ ಮಾಡಿಕೊಡುತ್ತದೆ.

ಈ ಪ್ರವೃತ್ತಿಯನ್ನು ನಾವು ಹಳಿಯುವವರಲ್ಲ. ತಮ್ಮ ಸುತ್ತಣ ಸಂಗತಿಯನ್ನು ಎಣಿಸಿ, ಅಳೆದು ತಿಳಿಯಬೇಕೆಂಬ ಬಯಕೆ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಂತೋಷದ ಮಾತೇ ಸರಿ. ಆದರೆ ಇಂಥ ಸಮೀಕ್ಷೆಗಳ ಪ್ರಶ್ನೆಗಳು ಎಲ್ಲಿಂದ ಬಂದವೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಆವರಣದಲ್ಲಿ 2007ರಿಂದ ಪ್ರಯಾಣ ಸಮೀಕ್ಷೆಯೊಂದು ನಡೆದುಬಂದಿದೆ. ಆ ಜಾತಿಯ ಸಮೀಕ್ಷೆಗಳಲ್ಲಿ ಅದು ಹೆಸರಾದದ್ದು. ಡೇವಿಸ್ ಸಮತಟ್ಟಾದ ಊರು, ಬೈಸಿಕಲ್ಲಿಗೆ ಪ್ರಸಿದ್ಧವಾದದ್ದು, ಬೇಸಿಗೆಯುದ್ದಕ್ಕೂ ಮಳೆಯೆಂಬುದೇ ಅಪರೂಪ. ಅಲ್ಲಿ ಕೇಳಬೇಕಾದ ಪ್ರಶ್ನೆಯೆಂದರೆ, ಕಾರಿನಲ್ಲಿ ಒಬ್ಬನೇ ಬರುವವನನ್ನು ಬೈಸಿಕಲ್ಲಿಗೋ ಬಸ್ಸಿಗೋ ಹೇಗೆ ಬದಲಾಯಿಸುವುದು ಎಂಬುದು. ಅದೇ ಪ್ರಶ್ನಾವಳಿಯನ್ನು ಸಾಗರಕ್ಕೆ, ಹೊಸನಗರಕ್ಕೆ, ತೀರ್ಥಹಳ್ಳಿಗೆ ತಂದು ಹಂಚಿದರೆ ಉತ್ತರಗಳೇನೋ ದೊರೆತಾವು. ಕಾರಿನಲ್ಲಿ ಬರುವ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಎಂಬ ಫಲಿತಾಂಶವೂ ಹೊರಬೀಳಬಹುದು. ಅದನ್ನು ತಿಳಿಯಲು ಸಮೀಕ್ಷೆಯೇ ಬೇಕಾಗಿರಲಿಲ್ಲ!

ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ವಿದ್ಯಾರ್ಥಿಯ ಪ್ರಯಾಣವನ್ನು ಅಳೆಯಬೇಕಾದ ಮಾನ ಬೇರೆ. ವಾಹನಕ್ಕಿಂತ ಹೆಚ್ಚಾಗಿ ಹೊತ್ತನ್ನು ಅಳೆಯಬೇಕು. ಬಂದವರಷ್ಟೇ ಮುಖ್ಯವಾಗಿ ಬರಲಾಗದವರನ್ನು ಹುಡುಕಬೇಕು. ಜನವರಿಯಲ್ಲಿ ಕೇಳಿದ್ದನ್ನು ಜುಲೈಯಲ್ಲಿ ಮತ್ತೊಮ್ಮೆ ಕೇಳಬೇಕು. ಇದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇವೆ.

ಮೊದಲು ನೆಲದ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರವನ್ನು ಹಾದು ಸಾಗರದ ಸೀಮೆಯಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ ಹರಡಿಕೊಳ್ಳುತ್ತದೆ. 1964ರಲ್ಲಿ ನಿಂತ ಆ ನೀರಿನ ಹರವು ಸುಮಾರು 300 ಚದರ ಕಿಲೋಮೀಟರು. ಅದಲ್ಲದೆ ಹೊಸನಗರ ತಾಲ್ಲೂಕಿನಲ್ಲಿ ಮಾಣಿ, ಚಕ್ರ, ಸಾವೆಹಕ್ಕಲು ಜಲಾಶಯಗಳುಂಟು. ನಕ್ಷೆಯಲ್ಲಿ ಕೂಗಳತೆಯಂತೆ ಕಾಣುವ ಊರುಗಳ ನಡುವೆ ನೀರು ಅಡ್ಡವಾಗಿ, ದಾರಿ ಬಳಸಿಕೊಂಡು ಹೋಗುತ್ತದೆ. ಬಯಲುಸೀಮೆಯಂತೆ ಮನೆಗಳೆಲ್ಲ ಒಂದೆಡೆ ಗುಂಪುಗೂಡಿದ ಹಳ್ಳಿ ಇಲ್ಲಿ ಕಡಮೆ. ಒಂದೊಂದು ಮನೆ ಅದರದರ ತೋಟದ ತಲೆಯಲ್ಲಿ, ಗುಡ್ಡದ ಮಗ್ಗುಲಲ್ಲಿ. ಬಸ್ಸು ನಿಲ್ಲುವ ಕಡೆಗೆ 'ಊರು' ಎನ್ನುವುದು ಕಡತದ ಮಾತು. ಮನೆಯಿಂದ ಅಲ್ಲಿಗೆ ಗದ್ದೆಯ ಅಂಚು, ಹಾಡ್ಯದ ದಾರಿ, ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಹೊಸನಗರದ ಹುಲಿಕಲ್ಲು, ಮಾಸ್ತಿಕಟ್ಟೆಗಳು ಇದರಲ್ಲಿ ಹಿಂದುಳಿದವಲ್ಲ.

ರೈಲು ಇದೆಯಲ್ಲ ಎನ್ನಬಹುದು. 1940ರಲ್ಲಿ ತಾಳಗುಪ್ಪವನ್ನು ಮುಟ್ಟಿದ ಹಳಿ 2011ರ ಹೊತ್ತಿಗೆ ಅಗಲಹಳಿಯಾಯಿತು. ಅದು ಸಾಗರದವರಿಗೆ ಒದಗುತ್ತದೆ. ಹೊಸನಗರ ತಾಲ್ಲೂಕಿಗೆ ಅಂಚಿನಲ್ಲಿ ಅರಸಾಳು ನಿಲ್ದಾಣವೊಂದುಂಟು. ತೀರ್ಥಹಳ್ಳಿಗೆ ರೈಲೇ ಇಲ್ಲ. ಆದುದರಿಂದ ಒಳನಾಡಿನ ವಿದ್ಯಾರ್ಥಿಗೆ ಬಸ್ಸೇ ಗತಿ, ಅದೂ ಬಹುಮಟ್ಟಿಗೆ ಖಾಸಗಿ ಬಸ್ಸು.

ಇನ್ನು ಪ್ರಶ್ನೆಗೆ ಬರೋಣ. "ನೀವು ಕಾಲೇಜಿಗೆ ಹೇಗೆ ಬರುತ್ತೀರಿ?" ಎಂದು ಕೇಳಿ, ಕಾರು, ಬೈಕು, ಬಸ್ಸು, ನಡಿಗೆ ಎಂಬ ನಾಲ್ಕು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿಸುವುದು ವಾಡಿಕೆ. ನಿಟ್ಟೂರಿನ ಆಚೆಯ ಒಂಟಿಮನೆಯೊಂದರಿಂದ ಹೊಸನಗರಕ್ಕೆ ಬರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅವಳು 'ಬಸ್ಸು' ಎಂಬ ಚೌಕಕ್ಕೆ ಗುರುತು ಹಾಕುತ್ತಾಳೆ. ಸಮೀಕ್ಷೆಗೆ ಅಷ್ಟೇ ಗೊತ್ತಾಯಿತು. ಆದರೆ ಅವಳ ದಿನವನ್ನು ಬಿಡಿಸಿ ಬರೆದರೆ ಹೀಗಿರಬಹುದು: ಮನೆಯಿಂದ ರಸ್ತೆಗೆ 25 ನಿಮಿಷದ ನಡಿಗೆ, ಬಸ್ಸು ಮುಂಚೆಯೇ ಬಂದುಬಿಟ್ಟೀತೆಂದು 20 ನಿಮಿಷ ಮೊದಲೇ ಬಂದು ಕಾಯುವುದು, ಬಸ್ಸಿನಲ್ಲಿ 60 ನಿಮಿಷ, ಇಳಿದು ಕಾಲೇಜಿಗೆ 10 ನಿಮಿಷ. ಒಟ್ಟು 115. ಮಧ್ಯಾಹ್ನ 3 ಗಂಟೆಗೆ ತರಗತಿ ಮುಗಿದರೆ ಅವಳ ಬಸ್ಸು ಇರುವುದು ನಾಲ್ಕೂವರೆಯ ಮೇಲೆ ಎಂದಿಟ್ಟುಕೊಳ್ಳಿ. ನಿಲ್ದಾಣಕ್ಕೆ 10, ಕಾಯುವುದು 80, ಬಸ್ಸು 60, ನಡಿಗೆ 25: ಒಟ್ಟು 175 ನಿಮಿಷ. ಎರಡನ್ನೂ ಕೂಡಿಸಿದರೆ 290 ನಿಮಿಷ, ಎಂದರೆ ಹತ್ತಿರ ಹತ್ತಿರ ಐದು ಗಂಟೆ. ಅದರಲ್ಲಿ ಬಸ್ಸು ಎಂಬ ವಾಹನದೊಳಗೆ ಅವಳಿದ್ದದ್ದು ಎರಡು ಗಂಟೆ ಮಾತ್ರ. ಮಿಕ್ಕ ಹೊತ್ತು ನಡಿಗೆಗೂ ಕಾಯುವಿಕೆಗೂ ಸಂದಿತು. ಕಾಯುವಿಕೆಯೊಂದಕ್ಕೇ 100 ನಿಮಿಷ. 'ಬಸ್ಸು' ಎಂಬ ಉತ್ತರದಲ್ಲಿ ಈ 100 ನಿಮಿಷ ಎಲ್ಲಿಯೂ ಕಾಣುವುದಿಲ್ಲ.

ಈ ಅಂಕಿಗಳು ನಾವು ಉದಾಹರಣೆಗಾಗಿ ಇಟ್ಟುಕೊಂಡವು. ನಿಜವಾದ ಅಂಕಿಗಳನ್ನು ತರಬೇಕಾದವರು ಓದುಗರಾದ ನೀವೇ. ಇದನ್ನು ಯಾವುದರೊಡನೆ ಹೋಲಿಸಬಹುದೆಂಬುದಕ್ಕೆ ಒಂದು ಅಳತೆಗೋಲುಂಟು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದ ಲೇಖನವೊಂದರಲ್ಲಿ, ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯನು ದಿನದ ಓಡಾಟಕ್ಕೆ ಸರಾಸರಿ ಒಂದು ಗಂಟೆಯನ್ನು ಮಾತ್ರ ಕೊಡುತ್ತ ಬಂದಿದ್ದಾನೆಂದು ವಾದಿಸಿದನು. ವೇಗ ಹೆಚ್ಚಿದಾಗ ಹೊತ್ತು ಉಳಿಯುವುದಿಲ್ಲ, ದೂರ ಬೆಳೆಯುತ್ತದೆ ಎಂಬುದು ಅವನ ತಾತ್ಪರ್ಯ. ಇದಕ್ಕೆ ಅಪವಾದಗಳು ಬೇಕಾದಷ್ಟಿವೆಯೆಂದು ಇತರ ವಿದ್ವಾಂಸರು ತೋರಿಸಿದ್ದಾರೆ. ಆದರೂ ಲೋಕದ ಸರಾಸರಿ ಒಂದು ಗಂಟೆಯ ಸುತ್ತಮುತ್ತ ಇರುವಾಗ ನಮ್ಮ ಒಳನಾಡಿನ ವಿದ್ಯಾರ್ಥಿಯದು ನಾಲ್ಕೋ ಐದೋ ಆದರೆ, ಆ ಹೆಚ್ಚಿನ ಗಂಟೆಗಳು ಓದಿನಿಂದ, ಆಟದಿಂದ, ನಿದ್ರೆಯಿಂದ ಕಡಿದುಕೊಂಡು ಬಂದವೆಂಬುದರಲ್ಲಿ ಸಂದೇಹವಿಲ್ಲ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿದ್ದ ಭೂಗೋಳವಿಜ್ಞಾನಿ ಟಾರ್‌ಸ್ಟನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ಈ ವಿಷಯಕ್ಕೆ ಬಹು ಸರಳವಾದ, ಬಹು ಆಳವಾದ ಒಂದು ದೃಷ್ಟಿಯನ್ನು ಕೊಟ್ಟನು. ಮನುಷ್ಯನ ದಿನವನ್ನು ಅವನು ಒಂದು ಗೆರೆಯಾಗಿ ಎಳೆದು ತೋರಿಸಿದನು: ಅಡ್ಡಕ್ಕೆ ಸ್ಥಳ, ಮೇಲಕ್ಕೆ ಹೊತ್ತು. ಒಂದೆಡೆ ನಿಂತಿರುವಾಗ ಗೆರೆ ನೆಟ್ಟಗೆ ಮೇಲೇರುತ್ತದೆ, ಚಲಿಸುವಾಗ ಓರೆಯಾಗುತ್ತದೆ, ವೇಗ ಹೆಚ್ಚಿದಷ್ಟೂ ಓರೆ ಹೆಚ್ಚು. ಇಬ್ಬರು ಒಂದೆಡೆ ಕಲೆಯಬೇಕಾದರೆ ಅವರ ಗೆರೆಗಳು ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಕೂಡಬೇಕು. ವಿದ್ಯಾರ್ಥಿಯ ಗೆರೆ ಅಧ್ಯಾಪಕರ ಗೆರೆಯೊಡನೆ ಕೂಡಿದರೆ ತರಗತಿ, ಬಸ್ಸಿನ ಗೆರೆಯೊಡನೆ ಕೂಡಿದರೆ ಪ್ರಯಾಣ. ಕೊನೆಯ ಬಸ್ಸಿನ ಗೆರೆ ಐದು ಗಂಟೆಗೆ ಹೊರಟುಹೋಗುವುದಾದರೆ, ಐದೂವರೆಯವರೆಗೆ ನಡೆಯುವ ರಸಾಯನಶಾಸ್ತ್ರದ ಪ್ರಯೋಗವು ಆ ವಿದ್ಯಾರ್ಥಿಗೆ ಪಟ್ಟಿಯಲ್ಲಿದ್ದರೂ ಇಲ್ಲದ ಹಾಗೆಯೇ. ಗ್ರಂಥಾಲಯವೂ, ಆಟದ ಬಯಲೂ, ನಾಟಕದ ಅಭ್ಯಾಸವೂ ಹಾಗೆಯೇ. ಹೀಗೆ ಒಂದು ಚೌಕಳಿ ಕಾಗದದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಒಂದು ದಿನದ ಗೆರೆಯನ್ನು ಎಳೆದುಕೊಟ್ಟರೆ, ನೂರು ಚೌಕಗಳಿಗೆ ಗುರುತು ಹಾಕಿಸಿದ್ದಕ್ಕಿಂತ ಹೆಚ್ಚಿನ ತಿಳಿವು ದೊರೆಯುವುದೆಂದು ನಾವು ಭರವಸೆಯಿಂದ ಹೇಳಬಲ್ಲೆವು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಪೆನ್ಸಿಲೂ ಗಡಿಯಾರವೂ ಸಾಕು.

ಎರಡನೆಯ ಮಾತು ಇದಕ್ಕಿಂತ ಗಂಭೀರವಾದದ್ದು. ಗೇಟಿನಲ್ಲಿ ನಿಂತು ಎಣಿಸುವವನು ಗೇಟನ್ನು ತಲುಪಿದವರನ್ನು ಮಾತ್ರ ಎಣಿಸುತ್ತಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞನ ಮುಂದೆ ಒಂದು ಸಮಸ್ಯೆ ಬಂದಿತು. ಯುದ್ಧದಿಂದ ಮರಳಿದ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ನೋಡಿ, ಎಲ್ಲಿ ಕವಚವನ್ನು ದಪ್ಪಗೊಳಿಸಬೇಕೆಂಬುದನ್ನು ನಿರ್ಧರಿಸುವುದು ಹೇಗೆ? ತೂತು ಹೆಚ್ಚಿರುವ ಕಡೆಯಲ್ಲವೇ ಎಂದು ಯಾರಾದರೂ ಹೇಳಿಯಾರು. ಮರಳಿ ಬಂದವು ಆ ತೂತುಗಳನ್ನು ಹೊತ್ತೂ ಹಾರಬಲ್ಲವಾಗಿದ್ದವು. ಬೇರೆಡೆ ಪೆಟ್ಟು ತಿಂದವು ಮರಳಲೇ ಇಲ್ಲ. ತೂತುಗಳು ಅಪರೂಪವಾಗಿ ಕಾಣುವ ಎಂಜಿನ್ನಿನಂಥ ಭಾಗಗಳೇ ಅಪಾಯದ ಜಾಗಗಳೆಂಬುದು ವಾಲ್ಡನ ಲೆಕ್ಕಾಚಾರದಿಂದ ಹೊರಡುವ ಪಾಠ.

ಈ ಪಾಠವನ್ನು ನಮ್ಮ ಗೇಟಿಗೆ ಅನ್ವಯಿಸಿ ನೋಡಿ. ಮಳೆಗಾಲದಲ್ಲಿ ಹಳ್ಳ ತುಂಬಿ ವಾರಗಟ್ಟಲೆ ಬಾರದವಳು ಆ ದಿನದ ಎಣಿಕೆಯಲ್ಲಿಲ್ಲ. ಪಿಯುಸಿ ಮುಗಿಸಿ, ಮುಂದಿನ ಕಾಲೇಜಿಗೆ ಬಸ್ಸು ಸರಿಹೊಂದದೆ ಮನೆಯಲ್ಲಿಯೇ ಉಳಿದವನು ಯಾವ ದಿನದ ಎಣಿಕೆಯಲ್ಲಿಯೂ ಇಲ್ಲ. ವಿಜ್ಞಾನ ಓದಬೇಕೆಂದಿದ್ದು, ಪ್ರಯೋಗದ ಹೊತ್ತಿಗೆ ಹೆದರಿ ಬೇರೆ ವಿಷಯಕ್ಕೆ ಸೇರಿದವರು ಎಣಿಕೆಯಲ್ಲಿ ಇದ್ದರೂ ಆ ಗುಟ್ಟು ಹೊರಬರುವುದಿಲ್ಲ. ವಿದ್ಯಾರ್ಥಿನಿಲಯದಲ್ಲಿಯೋ ಪೇಟೆಯ ನೆಂಟರ ಮನೆಯಲ್ಲಿಯೋ ಉಳಿದು 'ನಡಿಗೆ' ಎಂಬ ಚೌಕಕ್ಕೆ ಗುರುತು ಹಾಕುವವರು ಮತ್ತೊಂದು ಬಗೆ. ಅವರಿಗೆ ಪ್ರಯಾಣದ ಕಷ್ಟವೇ ಇಲ್ಲವೆಂದು ಸಮೀಕ್ಷೆ ಹೇಳುತ್ತದೆ, ಮನೆಯನ್ನೇ ಬಿಟ್ಟುಬರುವಷ್ಟು ಕಷ್ಟವಿತ್ತೆಂಬುದು ನಿಜ. ಆದುದರಿಂದ ಸಮೀಕ್ಷೆಯನ್ನು ಗೇಟಿನಿಂದ ಪ್ರಾರಂಭಿಸದೆ, ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿಯಿಂದ ಪ್ರಾರಂಭಿಸುವುದು ಲೇಸು. ಕೋಣಂದೂರಿನಲ್ಲೋ, ನಗರದಲ್ಲೋ, ತಾಳಗುಪ್ಪದಲ್ಲೋ ಮೂರು ವರ್ಷಗಳ ಹಿಂದೆ ತೇರ್ಗಡೆಯಾದವರು ಈಗ ಎಲ್ಲಿದ್ದಾರೆ? ಮುಂದೆ ಓದದವರು ಏಕೆ ಓದಲಿಲ್ಲ? ಉತ್ತರ ಬಸ್ಸೇ ಆಗಿರಬೇಕೆಂದಿಲ್ಲ. ಬಡತನ, ಮದುವೆ, ತೋಟದ ಕೆಲಸ, ಆಸಕ್ತಿಯ ಅಭಾವ ಇವೆಲ್ಲ ಇದ್ದೇ ಇರುತ್ತವೆ. ಎಷ್ಟರಮಟ್ಟಿಗೆ ಬಸ್ಸು ಎಂಬುದನ್ನು ಬೇರ್ಪಡಿಸಿ ನೋಡುವುದೇ ಸಮೀಕ್ಷಕನ ಕೆಲಸ.

ಸರ್ಕಾರದ ಲೆಕ್ಕಗಳು ಇಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. 2011ರ ಜನಗಣತಿಯಲ್ಲಿ ಪ್ರಯಾಣದ ದೂರವನ್ನೂ ಸಾಧನವನ್ನೂ ಕೇಳಿದ್ದು ದುಡಿಮೆಗೆ ಹೋಗುವವರನ್ನು, ಅದರಲ್ಲಿಯೂ ಕೃಷಿಯ ಹೊರಗೆ ದುಡಿಯುವವರನ್ನು. ಮಲೆನಾಡಿನಲ್ಲಿ ದಿನವೂ ಅತಿ ದೂರ ಓಡಾಡುವ ವರ್ಗಗಳಲ್ಲಿ ಒಂದಾದ ವಿದ್ಯಾರ್ಥಿಗಳು ಆ ಕೋಷ್ಟಕಗಳ ಹೊರಗೆ ಉಳಿದರು.

ಬೈಕಿನ ವಿಷಯವನ್ನು ಬಿಡುವಂತಿಲ್ಲ. ಗೇಟಿನಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಅದೇ. ಹುಡುಗರು ಮೋಜಿಗಾಗಿ ಬೈಕು ಕೊಳ್ಳುತ್ತಾರೆಂದು ಹಿರಿಯರು ಗೊಣಗುವುದುಂಟು. ಮೋಜೂ ಇದ್ದೀತು. ಆದರೆ ಮೇಲೆ ಹೇಳಿದ ಹುಡುಗಿಯ ಮನೆಯಲ್ಲಿ ಅಣ್ಣನೊಬ್ಬನಿದ್ದು ಅವನೊಂದು ಬೈಕು ಕೊಂಡರೆ, 290 ನಿಮಿಷದ ದಿನ 120ಕ್ಕೆ ಇಳಿಯುತ್ತದೆ. ಸಾಲ ಮಾಡಿಯಾದರೂ ಕೊಳ್ಳುವುದು ಅವಿವೇಕವೆನ್ನಲು ನಮಗೆ ಬಾಯಿ ಬಾರದು. ಕಷ್ಟವೇನೆಂದರೆ, ಹೀಗೆ ಒಬ್ಬೊಬ್ಬರೇ ಬಸ್ಸನ್ನು ಬಿಟ್ಟಂತೆ ಬಸ್ಸಿನ ಆದಾಯ ಕುಗ್ಗುತ್ತದೆ. ಮಾಲೀಕನು ಒಂದು ಸಲದ ಓಡಾಟವನ್ನು ನಿಲ್ಲಿಸುತ್ತಾನೆ. ಕಾಯುವ ಹೊತ್ತು ಬೆಳೆಯುತ್ತದೆ. ಇನ್ನಷ್ಟು ಜನ ಬೈಕು ಕೊಳ್ಳುತ್ತಾರೆ. ಕೊನೆಗೆ ಬಸ್ಸಿನಲ್ಲಿ ಉಳಿಯುವವರು ಬೈಕು ಕೊಳ್ಳಲಾರದವರು ಮತ್ತು ಬೈಕು ಕೊಡಲ್ಪಡದವರು. ಈ ಎರಡನೆಯ ಗುಂಪಿನಲ್ಲಿ ಹುಡುಗಿಯರೇ ಬಹಳವೆಂದು ನಾವು ಊಹಿಸುತ್ತೇವೆ. ಊಹೆ ಸರಿಯೇ ತಪ್ಪೇ ಎಂಬುದನ್ನು ಎಣಿಸಿ ಹೇಳಬೇಕು.

ಮಲೆನಾಡಿನ ಬಸ್ಸುಗಳ ಬದುಕು ಎಷ್ಟು ನಾಜೂಕಾದದ್ದೆಂಬುದಕ್ಕೆ ಕೊಪ್ಪದ 'ಸಹಕಾರ ಸಾರಿಗೆ'ಯೇ ಸಾಕ್ಷಿ. ಮುಚ್ಚಿಹೋದ ಖಾಸಗಿ ಕಂಪನಿಯೊಂದರ ಕಾರ್ಮಿಕರು 1991ರಲ್ಲಿ ಸಂಘ ಕಟ್ಟಿಕೊಂಡು, ತಾವೇ ಮಾಲೀಕರೂ ತಾವೇ ಚಾಲಕರೂ ಆಗಿ, ಒಳದಾರಿಗಳಲ್ಲಿ ಬಸ್ಸು ಓಡಿಸಿದರು. ಅದರ ಓಡಾಟ 2020ರ ಆರಂಭದಲ್ಲಿ ನಿಂತಿತು. ಸುಮಾರು ಮೂರು ದಶಕ ಬಾಳಿದ ಅಂಥ ಸಂಸ್ಥೆ ನಿಂತಾಗ ಎಷ್ಟು ವಿದ್ಯಾರ್ಥಿಗಳ ದಿನಚರಿ ಬದಲಾಯಿತೆಂಬುದು ಎಣಿಸಲು ಅತ್ಯಂತ ಯೋಗ್ಯವಾಗಿದ್ದ ವಿಷಯ.

ಇಂಧನದ ಲೆಕ್ಕವನ್ನೂ ಇಲ್ಲಿ ಒಂದು ಕ್ಷಣ ನೋಡಬಹುದು, ಏಕೆಂದರೆ ಬಸ್ಸು ಯಾವಾಗಲೂ ಮಿತವ್ಯಯಿ ಎಂಬ ನಂಬಿಕೆ ಎಲ್ಲೆಡೆ ಇದೆ. ಘಟ್ಟದ ದಾರಿಯಲ್ಲಿ ಬಸ್ಸು ಲೀಟರಿಗೆ 4 ಕಿಲೋಮೀಟರು ಓಡುವುದೆನ್ನೋಣ. 40 ಜನರಿದ್ದರೆ ಒಂದು ಲೀಟರಿನಲ್ಲಿ 160 ಜನ-ಕಿಲೋಮೀಟರು. ಒಬ್ಬನೇ ಕುಳಿತ ಬೈಕು ಲೀಟರಿಗೆ 50, ಇಬ್ಬರಿದ್ದರೆ 100. ಒಬ್ಬನೇ ಕುಳಿತ ಕಾರು 15. ತುಂಬಿದ ಬಸ್ಸಿಗೆ ಸಮವಿಲ್ಲ. ಆದರೆ ಅದೇ ಬಸ್ಸಿನಲ್ಲಿ 10 ಜನ ಮಾತ್ರ ಕುಳಿತರೆ 40 ಜನ-ಕಿಲೋಮೀಟರು. ಒಂಟಿ ಬೈಕಿಗಿಂತಲೂ ಕೆಳಗೆ. ಆದುದರಿಂದ ಬಸ್ಸಿನ ಸಂಖ್ಯೆಯನ್ನು ಎಣಿಸಿದರೆ ಸಾಲದು. ಪ್ರತಿಯೊಂದು ಓಡಾಟದಲ್ಲಿಯೂ ಒಳಗೆ ಎಷ್ಟು ತಲೆಗಳೆಂದು ಎಣಿಸಬೇಕು. ದೊಡ್ಡ ಬಸ್ಸಿಗೆ ಬದಲು ಚಿಕ್ಕ ವ್ಯಾನು ಎರಡು ಸಲ ಓಡಿದರೆ ಹೇಗೆಂಬ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಬರಬೇಕು.

2023ರ ಜೂನ್ 11ರಂದು ಪ್ರಾರಂಭವಾದ ಶಕ್ತಿ ಯೋಜನೆಯು ಈ ಚಿತ್ರಕ್ಕೆ ಹೊಸ ಬಣ್ಣವೊಂದನ್ನು ಸೇರಿಸಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಖಾಸಗಿ ಬಸ್ಸಿನಲ್ಲಿ ಉಂಟು. ಖಾಸಗಿ ಬಸ್ಸುಗಳೇ ಓಡುವ ದಾರಿಯ ಹುಡುಗಿಗೂ ಸರ್ಕಾರಿ ಬಸ್ಸು ಓಡುವ ದಾರಿಯ ಹುಡುಗಿಗೂ ತಿಂಗಳಿಗೆ ಎಷ್ಟು ರೂಪಾಯಿ ವ್ಯತ್ಯಾಸ? ಯಾವ ಪ್ರಯೋಗಾಲಯದಲ್ಲಿಯೂ ಇಂಥ ಹೋಲಿಕೆಯನ್ನು ಏರ್ಪಡಿಸಲಾಗುವುದಿಲ್ಲ. ಇಲ್ಲಿ ಅದು ತಾನಾಗಿಯೇ ಏರ್ಪಟ್ಟಿದೆ.

ಕೆಲವು ಪ್ರಶ್ನೆಗಳಿಗೆ ನಿಜವಾದ ಉತ್ತರ ಬರುವುದು ಕಷ್ಟ. ಪರವಾನಗಿ ಇಲ್ಲದೆ ಬೈಕು ಓಡಿಸುವಿರಾ ಎಂದು ಪಿಯುಸಿಯ ಹುಡುಗನನ್ನು ಕೇಳಿದರೆ ಅವನು ಹೌದೆನ್ನುವನೆ? 18 ತುಂಬದವರು ಗೇರಿನ ಬೈಕು ಓಡಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಅವರ ಪಾಲಕರಿಗೆ 25,000 ರೂಪಾಯಿಯ ದಂಡವೂ ಸೆರೆವಾಸದ ಶಿಕ್ಷೆಯೂ ಉಂಟು. ಹೀಗಿರುವಾಗ ಸುಳ್ಳು ಹೇಳುವುದು ಸಹಜ. ಅಮೆರಿಕದ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ತೋರಿಸಿಕೊಟ್ಟ ದಾರಿಯನ್ನು ಅನುಸರಿಸಿ ಬೆಳೆದ ಉಪಾಯವೊಂದು ಇಲ್ಲಿ ಒದಗುತ್ತದೆ. ಉತ್ತರ ಕೊಡುವವನು ಯಾರಿಗೂ ಕಾಣದಂತೆ ನಾಣ್ಯವನ್ನು ಚಿಮ್ಮಲಿ. ತಲೆ ಬಿದ್ದರೆ, ನಿಜವೇನೇ ಇರಲಿ, 'ಹೌದು' ಎಂದು ಬರೆಯಲಿ. ಹಿಂಬದಿ ಬಿದ್ದರೆ ನಿಜವನ್ನು ಬರೆಯಲಿ. ಈಗ ಯಾರ 'ಹೌದು' ನಾಣ್ಯದ್ದು, ಯಾರದು ನಿಜದ್ದು ಎಂಬುದು ಕೇಳಿದವನಿಗೂ ಗೊತ್ತಾಗದು. ಆದರೆ ಒಟ್ಟು ಲೆಕ್ಕ ಗೊತ್ತಾಗುತ್ತದೆ. 200 ಜನರಲ್ಲಿ 128 'ಹೌದು' ಬಂದರೆ, ಸುಮಾರು 100 ನಾಣ್ಯದಿಂದ ಬಂದವು. ಮಿಕ್ಕ 100 ಜನರಲ್ಲಿ 28 ಮಂದಿಯ 'ಹೌದು' ನಿಜದ್ದು. ಎಂದರೆ ಶೇಕಡ 28. ಗುಟ್ಟನ್ನು ಕಾಪಾಡಿದ್ದಕ್ಕೆ ತೆರಬೇಕಾದ ಬೆಲೆಯೆಂದರೆ ಲೆಕ್ಕದ ನಿಖರತೆ ಸ್ವಲ್ಪ ತಗ್ಗುವುದು. ಅದಕ್ಕಾಗಿ ಹೆಚ್ಚು ಜನರನ್ನು ಕೇಳಬೇಕಾಗುತ್ತದೆ. ಗಣಿತದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸೊಗಸಾದ ಸಂಭವನೀಯತೆಯ ಪಾಠ ದೊರೆಯುವುದು ಅಪರೂಪ.

ಎಷ್ಟು ಜನರನ್ನು ಕೇಳಬೇಕೆಂಬುದಕ್ಕೆ ಒಂದು ಸ್ಥೂಲ ಸೂತ್ರವಿದೆ. ಕೇಳಿದವರ ಸಂಖ್ಯೆಯ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ ದೋಷದ ಅಂಚು ಬರುತ್ತದೆ: 100 ಜನರಿಗೆ ಶೇಕಡ 10 ಅತ್ತಿತ್ತ, 400 ಜನರಿಗೆ ಶೇಕಡ 5. ಹೊಸನಗರದಲ್ಲಿ 100 ಜನರಲ್ಲಿ 48, ತೀರ್ಥಹಳ್ಳಿಯಲ್ಲಿ 100 ಜನರಲ್ಲಿ 55 ಮಂದಿ ಬಸ್ಸಿನವರೆಂದು ಬಂದರೆ, ತೀರ್ಥಹಳ್ಳಿ ಮುಂದೆ ಎಂದು ಶೀರ್ಷಿಕೆ ಕೊಡುವುದು ಆತುರವಾಗುತ್ತದೆ. ಕಂಡವರನ್ನು ಕೇಳದೆ ಹಾಜರಿ ಪುಸ್ತಕದಲ್ಲಿ ಪ್ರತಿ ಐದನೆಯ ಹೆಸರನ್ನು ಹಿಡಿಯುವುದು ಕ್ರಮ. ಆ ದಿನ ಗೈರುಹಾಜರಾದವರನ್ನು ಬಿಡದೆ, ಅವರು ಬಂದ ದಿನ ಹಿಡಿದು ಕೇಳಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಪ್ರಶಾಂತ ಚಂದ್ರ ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯಲ್ಲಿ ಬಳಸಿದ ಒಂದು ಕ್ರಮವನ್ನು ನಮ್ಮ ಕಾಲೇಜುಗಳೂ ಅನುಸರಿಸಬಹುದು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು, ಎರಡು ಬೇರೆ ಮಾದರಿಗಳೊಡನೆ, ಒಂದಕ್ಕೊಂದು ತಿಳಿಯದಂತೆ ಕಳುಹಿಸುವುದು. ಇಬ್ಬರ ಫಲಿತಾಂಶಗಳೂ ಹತ್ತಿರವಿದ್ದರೆ ನೆಮ್ಮದಿ; ದೂರವಿದ್ದರೆ ಯಾರೋ ಹೊಂಗೆಯ ನೆರಳಿನಲ್ಲಿ ಕುಳಿತು ಅರ್ಜಿ ತುಂಬಿದ್ದಾರೆಂದೇ ತಿಳಿಯಬೇಕು!

ಇಷ್ಟೆಲ್ಲ ಹೇಳಿದ ಮೇಲೆ, ಈಗಲೇ ಏಕೆ ಎಂಬ ಪ್ರಶ್ನೆ ಬರುತ್ತದೆ. ಕಾರಣ ಸಾಗರ ತಾಲ್ಲೂಕಿನ ಹಿನ್ನೀರಿನಲ್ಲಿದೆ. ಲಿಂಗನಮಕ್ಕಿಯ ನೀರು ನಿಂತ ಬಳಿಕ ತುಮರಿ, ಬ್ಯಾಕೋಡು ಸೀಮೆಯ ಜನ ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚನ್ನು ಕಾಯಬೇಕಾಗಿತ್ತು; ಇಲ್ಲವೇ ದೂರದ ದಾರಿಯಲ್ಲಿ ಬಳಸಿಕೊಂಡು ಬರಬೇಕಾಗಿತ್ತು. ಕತ್ತಲಾದ ಮೇಲೆ ಲಾಂಚಿಲ್ಲ. ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಣ, ಸುಮಾರು 2.4 ಕಿಲೋಮೀಟರು ಉದ್ದದ ತೂಗುಕೇಬಲ್ಲಿನ ಸೇತುವೆ ಸಂಚಾರಕ್ಕೆ ತೆರೆಯಿತು. ಆರು ದಶಕಗಳ ತಡೆ ಒಂದೇ ದಿನದಲ್ಲಿ ಕೆಲವು ನಿಮಿಷಗಳ ದಾರಿಯಾಯಿತು.

ವಿಜ್ಞಾನದ ದೃಷ್ಟಿಯಿಂದ ಇಂಥ ಅವಕಾಶ ಪದೇ ಪದೇ ಬರುವುದಲ್ಲ. ಜನ ಅವರೇ, ಮನೆಗಳು ಅವೇ, ಕಾಲೇಜು ಅದೇ. ಬದಲಾದದ್ದು ಮುಖ್ಯವಾಗಿ ದಾರಿ. ಲಾಂಚಿನ ಕಾಲದ ದಿನಚರಿಯನ್ನು ಬಲ್ಲ ವಿದ್ಯಾರ್ಥಿಗಳು ಇನ್ನೂ ನಮ್ಮ ತರಗತಿಗಳಲ್ಲಿದ್ದಾರೆ. ಎರಡು ಮೂರು ವರ್ಷಗಳಲ್ಲಿ ಅವರು ಪದವಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಹೊರಟುಹೋಗುತ್ತಾರೆ; ಬಳಿಕ ಆ ಹೊತ್ತುಗಳನ್ನು ಹೇಳುವವರು ದೊರೆಯಲಾರರು. ನೆನಪಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲವೆಂಬುದು ನಿಜ: ಕಷ್ಟ ಕಳೆದ ಮೇಲೆ ಅದು ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುವುದುಂಟು. ಆದುದರಿಂದ "ಆಗ ಬಹಳ ತೊಂದರೆಯಾಗುತ್ತಿತ್ತೆ?" ಎಂದು ಕೇಳಬಾರದು. ಎಷ್ಟು ಗಂಟೆಗೆ ಮನೆ ಬಿಡುತ್ತಿದ್ದಿರಿ, ಯಾವ ಲಾಂಚು ಹಿಡಿಯುತ್ತಿದ್ದಿರಿ, ಯಾವ ತರಗತಿಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಿರಿ ಎಂದು ಕೇಳಬೇಕು. ಹಾಜರಿ ಪುಸ್ತಕದೊಡನೆ ತಾಳೆ ನೋಡಬೇಕು. ಸೇತುವೆಯ ಬಳಿಕ ಉಳಿದ ಹೊತ್ತು ಓದಿಗೆ ಬಂತೆ, ತೋಟದ ಕೆಲಸಕ್ಕೆ ಹೋಯಿತೆ, ಅಥವಾ ಮಾರ್ಕೆಟ್ಟಿ ಹೇಳಿದಂತೆ ಇನ್ನೂ ದೂರದ ಕಾಲೇಜಿನ ಕಡೆಗೆ ತಿರುಗಿತೆ? ಬಸ್ಸು ಹೆಚ್ಚಿತೆ, ಬೈಕು ಹೆಚ್ಚಿತೆ? ಸೇತುವೆಯೆಂದರೆ ಏಳಿಗೆಯೇ ಎಂದು ಭಾಷಣ ಮಾಡುವುದಕ್ಕೆ ಈ ಉತ್ತರಗಳು ಬೇಕಾಗಿಲ್ಲ, ತಿಳಿಯುವುದಕ್ಕೆ ಬೇಕು.

ಅಂಕಿಗಳಿಂದ ಬಸ್ಸು ಬಂದೀತೆ ಎಂದು ಕೇಳುವ ಅಧ್ಯಾಪಕರುಂಟು. ತಾನಾಗಿ ಬಾರದು. ಬಸ್ಸಿನ ರಹದಾರಿಯನ್ನೂ ವೇಳೆಯನ್ನೂ ಗೊತ್ತುಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅಲ್ಲಿಗೆ "ನಮ್ಮೂರಿಗೆ ಬಸ್ಸು ಬೇಕು" ಎಂಬ ಮನವಿಗಳು ರಾಶಿಯಾಗಿ ಬರುತ್ತವೆ. ಇಂಥ ನಿಲ್ದಾಣದಲ್ಲಿ, ಇಂಥ ಹೊತ್ತಿನಲ್ಲಿ, ಇಷ್ಟು ಜನ, ಇಷ್ಟು ನಿಮಿಷ ಕಾಯುತ್ತಾರೆ ಎಂಬ ಕಾಗದ ಬರುವುದು ಅಪರೂಪ. ಖಾಸಗಿ ಮಾಲೀಕನಿಗೂ ಅದು ವ್ಯಾಪಾರದ ಸುದ್ದಿಯೇ.

ಅಷ್ಟೇ ಅಲ್ಲ, ಕೆಲವು ಪರಿಹಾರಗಳಿಗೆ ಪ್ರಾಧಿಕಾರದ ಬಾಗಿಲನ್ನು ತಟ್ಟಬೇಕಾಗಿಯೂ ಇಲ್ಲ. ವಿಜ್ಞಾನ ತರಗತಿಗಳಲ್ಲಿ ಪ್ರಯೋಗದ ತಂಡಗಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ವಿಂಗಡಿಸುವುದು ರೂಢಿ. ಅ, ಆ, ಇ ಎಂಬುವರಿಗೆ ಬೆಳಗ್ಗೆ. ಶ, ಸ, ಹ ಎಂಬುವರಿಗೆ ಸಂಜೆ. ಯಡೂರಿನ ಸುಮಾ ಸಂಜೆಯ ಕೊನೆಯ ಬಸ್ಸಿಗೆ ಓಡುವುದೂ, ಕಾಲೇಜಿನ ಪಕ್ಕದ ಬೀದಿಯ ಅನಂತ ಬೆಳಗ್ಗೆಯೇ ಪ್ರಯೋಗ ಮುಗಿಸಿ ಮನೆಗೆ ಹೋಗುವುದೂ ಹೆಸರಿನ ಮೊದಲ ಅಕ್ಷರದ ದೆಸೆಯಿಂದ! ಪ್ರವೇಶದ ದಿನವೇ ಪ್ರತಿಯೊಬ್ಬರ ಬಸ್ಸಿನ ಹೊತ್ತನ್ನು ಕೇಳಿ ಬರೆದುಕೊಂಡು, ತಂಡಗಳನ್ನು ಅದಕ್ಕೆ ಅನುಸಾರವಾಗಿ ವಿಂಗಡಿಸಲು ಪ್ರಾಂಶುಪಾಲರ ಒಂದು ಸಹಿ ಸಾಕು. ಬರುವ ಜೂನಿನಲ್ಲಿ ಪ್ರವೇಶದ ಅರ್ಜಿಗಳನ್ನು ಅಚ್ಚು ಹಾಕಿಸುವಾಗ ಅದರಲ್ಲಿ ಎರಡು ಸಾಲು ಸೇರಿಸಲಿ: ಮನೆಯಿಂದ ಬಸ್ಸು ಹತ್ತುವ ಜಾಗಕ್ಕೆ ಎಷ್ಟು ನಿಮಿಷದ ನಡಿಗೆ, ಮತ್ತು ಸಂಜೆ ನಿಮ್ಮ ಕಡೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ.